ಎರಡು ಸಾವಿರ ಪಟ್ಟು ದೊಡ್ಡದಾಗಿ ಕಂಡರೆ ಲಾಭವೇನು?

ಪ್ರಶ್ನೆ: ನಿವೃತ್ತನಾಗಿದ್ದೇನೆ. ಆರನೇ ತರಗತಿಯ ಮೊಮ್ಮಗಳ ಜೊತೆ ಸೂಕ್ಷ್ಮದರ್ಶಕದ ಹವ್ಯಾಸ ಹಿಡಿಯುವ ಆಸೆ. ವಸ್ತುವನ್ನು 2000 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎನ್ನುವ ಉಪಕರಣ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ? ಮೊದಲು ಏನು ನೋಡಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ಆ 2000ಕ್ಕೆ ಮರುಳಾಗಬೇಡಿ. ಸಾಮಾನ್ಯ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 0.2 ಮೈಕ್ರೊಮೀಟರಿಗಿಂತ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರೊಮೀಟರ್) ಹತ್ತಿರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸಲು ಆಗುವುದಿಲ್ಲ. ಈ ಮಿತಿಯ ಹಿಂದಿನ ಕಾರಣವನ್ನು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ 1873ರಲ್ಲೇ ವಿವರಿಸಿದ್ದರು. ಸಾವಿರ ಪಟ್ಟು ದಾಟಿದ ಮೇಲೆ ಚಿತ್ರ ಊದಿಕೊಳ್ಳುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ವಿದ್ಯಾರ್ಥಿಗಳು ಬಳಸುವ ಲೋಹದ ಮೈಯ ಸೂಕ್ಷ್ಮದರ್ಶಕ ಸಾಕು. ಹರಿಯಾಣದ ಅಂಬಾಲದಲ್ಲಿ ತಯಾರಾದವು ಪ್ರಯೋಗಾಲಯ ಸಾಮಗ್ರಿಯ ಅಂಗಡಿಗಳಲ್ಲಿ ಸಿಗುತ್ತವೆ. 4, 10, 40 ಪಟ್ಟು ಹಿಗ್ಗಿಸುವ, ಸ್ಲೈಡಿನತ್ತ ಇರುವ ಮಸೂರಗಳು, ಅಂದರೆ ಆಬ್ಜೆಕ್ಟಿವ್‌ಗಳಿರಲಿ. ಎಣ್ಣೆ ಹಾಕಿ ನೋಡುವ 100ರದ್ದು ಬ್ಯಾಕ್ಟೀರಿಯಾದ ಹುಚ್ಚು ಹತ್ತಿದ ಮೇಲೆ ನೋಡೋಣ. ಸ್ಲೈಡಿನ ಕೆಳಗೆ ಬೆಳಕನ್ನು ಒಟ್ಟುಗೂಡಿಸುವ ಕಂಡೆನ್ಸರ್, ಅದರಲ್ಲಿ ಬೆಳಕಿನ ಕಿಂಡಿಯನ್ನು ಕಿರಿದು ಹಿರಿದು ಮಾಡಬಲ್ಲ ಡಯಾಫ್ರಮ್ ಇದೆಯೇ ಎಂದು ತಪ್ಪದೆ ಕೇಳಿ. ಅಂಗಡಿಗೆ ಹೋಗುವಾಗ ಈರುಳ್ಳಿಯ ಒಳಪೊರೆಯ ಚೂರನ್ನು ಜೊತೆಗೇ ಒಯ್ಯಿರಿ. ಬೆಳಕು ಪೂರ್ತಿ ತೆರೆದಿದ್ದಾಗ ಆ ಪೊರೆ ಬರೀ ಬಿಳಿ ಬಯಲು. ಡಯಾಫ್ರಮ್ಮನ್ನು ಮೆಲ್ಲಗೆ ಕಿರಿದು ಮಾಡುತ್ತ ಬನ್ನಿ, ಜೀವಕೋಶಗಳ ಗೋಡೆಗಳು ಇಟ್ಟಿಗೆ ಕಟ್ಟಿದಂತೆ ಎದ್ದು ಕಾಣುತ್ತವೆ. ಕಾಣದಿದ್ದರೆ ಬೇರೆಯದನ್ನು ತೋರಿಸಲು ಹೇಳಿ. ಸಂಕೋಚ ಬೇಡ.

ಮೊಮ್ಮಗಳಿಗೆ ಏನು ತೋರಿಸುವುದು? ಸಾಗರದ ಮಳೆಯಲ್ಲಿ ನೆನೆಯುವ ಕಾಂಪೌಂಡ್ ಗೋಡೆಗಿಂತ ಒಳ್ಳೆಯ ಜಾಗ ಬೇಕೆ! ಗೋಡೆಯ ಮೇಲೆ ಹಸಿರು ಮೆತ್ತೆಯಂತೆ ಬೆಳೆದ ಪಾಚಿಯನ್ನು ರೂಪಾಯಿ ನಾಣ್ಯದಷ್ಟು ಕಿತ್ತು, ಮಳೆನೀರಿನ ಬಟ್ಟಲಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ಅದನ್ನು ಹಿಂಡಿ, ತಳದಲ್ಲಿ ಕೂತ ಕೆಸರಿನ ಒಂದು ಹನಿಯನ್ನು ಸ್ಲೈಡಿಗೆ ಹಾಕಿ 4ರಲ್ಲಿ ಹುಡುಕಿ. ಅರ್ಧ ಮಿಲಿಮೀಟರಿಗೂ ಚಿಕ್ಕದಾದ, ನೀರುಕರಡಿ ಎಂಬ ಸೂಕ್ಷ್ಮಪ್ರಾಣಿ ಎಂಟು ಗಿಡ್ಡ ಕಾಲುಗಳನ್ನು ಆಡಿಸುತ್ತ ತೆವಳುತ್ತಿರಬಹುದು. ಮೊದಲ ಹನಿಯಲ್ಲೇ ಸಿಕ್ಕೀತೆಂದು ಮಾತು ಕೊಡಲಾರೆ. ಅದು ಸಿಗುವವರೆಗೆ, ಬಾಯಿಯ ಸುತ್ತ ಚಕ್ರ ತಿರುಗಿಸಿದಂತೆ ಕಾಣುವ ಸೂಕ್ಷ್ಮಪ್ರಾಣಿಗಳಾದ ರೋಟಿಫರ್‌ಗಳು ಬೇಸರ ಕಳೆಯುತ್ತವೆ. ಕಂಡದ್ದನ್ನು ಅವಳು ಪೆನ್ಸಿಲ್ಲಿನಲ್ಲಿ ಬರೆದಿಡಲಿ. ಮೊಬೈಲ್ ಫೋಟೊ ಆಮೇಲೆ. 40ಕ್ಕೆ ತಿರುಗಿಸುವಾಗ ಮಾತ್ರ ನೀವು ಪಕ್ಕದಲ್ಲಿರಿ. ಅದರ ತುದಿ ಸ್ಲೈಡಿಗೆ ತಾಗುವಷ್ಟು ಹತ್ತಿರ ಬರುತ್ತದೆ, ಹನಿಯ ಮೇಲೆ ಮುಚ್ಚಿದ ತೆಳು ಗಾಜು, ಅಂದರೆ ಕವರ್ ಸ್ಲಿಪ್, ಒಡೆಯುವುದು ಆಗಲೇ.

ನಿಮ್ಮ ಊರಿನ ಆ ಮಳೆಯೇ ಮಸೂರಗಳಿಗೆ ಶತ್ರು ಕೂಡ. ನನ್ನ ಮೊದಲ ಸೂಕ್ಷ್ಮದರ್ಶಕಕ್ಕೆ ಪ್ಲಾಸ್ಟಿಕ್ ಹೊದಿಸಿ ಜೋಪಾನವಾಗಿ ಎತ್ತಿಟ್ಟಿದ್ದೆ. ಆಷಾಢ ಕಳೆದು ತೆಗೆದರೆ ಮಸೂರದ ಮೇಲೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿತ್ತು. ಒರೆಸಿದರೂ ಗಾಜಿನ ಮೇಲೆ ಕಲೆ ಉಳಿಯಿತು. ನೀವು ಆಬ್ಜೆಕ್ಟಿವ್, ಕಣ್ಣಿಟ್ಟು ನೋಡುವ ಐಪೀಸ್‌ಗಳನ್ನು ಬಿಚ್ಚಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಜೆಲ್ಲಿನ ಬಣ್ಣ ತಿರುಗಿತೆಂದರೆ ಬದಲಿಸಿ.