ಹೊಸದು ಅಂತ ತಗಂಡ ಟ್ರ್ಯಾಕ್ಟರ್ ಮೀಟರಲ್ಲಿ ಆಗ್ಲೇ 37 ಗಂಟೆ, ಏನ್ ಮಾಡೋದು?

ನೀವು ಕೇಳಿರೋದು ನಂಗೆ ಅರ್ಥ ಆಗಿದ್ದು ಹೀಗೆ: ಹೊಸನಗರದ ಕಡೆಯವ್ರು, ಅಡಿಕೆ ತೋಟಕ್ಕೆ ಅಂತ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಮತ್ತೆ ಒಂದು ರೋಟವೇಟರ್ (ಬ್ಲೇಡ್ ತಿರುಗಿಸಿ ಮಣ್ಣು ಪುಡಿ ಮಾಡೋ ಉಪಕರಣ) ಶಿವಮೊಗ್ಗದ ಶೋರೂಮಲ್ಲಿ ತಗಂಡ್ರಿ, ಮನೆಗೆ ಬಂದ್ಮೇಲೆ ಅವರ್ ಮೀಟರ್ (ಇಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸೋದು) ನೋಡಿದ್ರೆ 37 ಗಂಟೆ, ಫೋನ್ ಮಾಡಿ ಕೇಳಿದ್ರೆ "ಫ್ಯಾಕ್ಟರಿ ಟೆಸ್ಟಿಂಗು, ಟ್ರಾನ್ಸ್‌ಪೋರ್ಟು ಎಲ್ಲಾ ಸೇರಿ ಅಷ್ಟಾಗತ್ತೆ ಸಾರ್, ಮಾಮೂಲಿ" ಅಂದ್ರು, ಆರ್‌ಸಿ ಇನ್ನೂ ಆಗಿಲ್ಲ, ಇಟ್ಕಳದಾ ವಾಪಸ್ ಕೊಡದಾ.

ಇಟ್ಕಳದಾ ಬಿಡದಾ ಅನ್ನೋದು ಆಮೇಲೆ ನೋಡಣ. ಇವತ್ತೇ ಮಾಡ್ಬೇಕಾಗಿರೋ ಕೆಲಸ ಒಂದೇ, ಆ 37 ಅನ್ನೋ ಅಂಕಿನ ಡೀಲರ್ ಕೈಯಲ್ಲೇ ಕಾಗದದ ಮೇಲೆ ಬರೆಸ್ಕಳಿ, ತಾರೀಖು ಸೀಲು ಸಮೇತ. ಅದು ಆಗೋವರೆಗೂ ಟ್ರ್ಯಾಕ್ಟರನ್ನ ತೋಟಕ್ಕೆ ಇಳಿಸ್ಬೇಡಿ. ಒಂದು ವಾರ ಓಡಿಸಿ ಮೀಟರ್ 50 ದಾಟಿತು ಅಂದ್ರೆ ಆಮೇಲೆ ಅದ್ರಲ್ಲಿ ಯಾರ ಗಂಟೆ ಎಷ್ಟು ಅಂತ ಯಾವ ದೇವ್ರೂ ಹೇಳಕ್ಕಾಗಲ್ಲ.

37 ಮಾಮೂಲಿ ಅಲ್ಲವೇ ಅಲ್ಲ. ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡ್ತಾರೆ ನಿಜ, ಲಾರಿಗೆ ಹತ್ತಿಸೋದು ಇಳಿಸೋದು, ಯಾರ್ಡಲ್ಲಿ ಅಲ್ಲಿಂದಿಲ್ಲಿಗೆ ನಿಲ್ಸೋದು, ಡೆಲಿವರಿ ಮುಂಚೆ ಚೆಕ್ ಮಾಡೋದು, ಇದೆಲ್ಲಾ ಸೇರಿದ್ರೂ ಎರಡು ಗಂಟೆ, ಮೂರು ಗಂಟೆ, ಬೇಕಾದ್ರೆ ಐದು ಅಂತ ಇಟ್ಕಳಿ. ಉದಾಹರಣೆಗೆ ಶಿವಮೊಗ್ಗದಿಂದ ತೀರ್ಥಹಳ್ಳಿ 60 ಕಿಲೋಮೀಟರ್ ಹತ್ರ, ಅಷ್ಟು ದೂರ ಗಂಟೆಗೆ 20ರಂತೆ ಓಡಿಸ್ಕಂಡೇ ಬಂದ್ರೂ ಮೂರು ಗಂಟೆ ಮೀಟರ್ ಏರತ್ತೆ. 37 ಗಂಟೆ ಬರಬೇಕು ಅಂದ್ರೆ ಆ ಲೆಕ್ಕದಲ್ಲಿ 700 ಕಿಲೋಮೀಟರ್ ಮೇಲೆ ರೋಡಲ್ಲಿ ಓಡಿರ್ಬೇಕು. ಹಂಗೆ ಯಾರೂ ಓಡಿಸ್ಕಂಡು ಬರಲ್ಲ. ಯಾರದ್ದೋ ಜಮೀನಲ್ಲಿ ನಾಲ್ಕೈದು ದಿನ ಪೂರ್ತಿ ದುಡಿದಿರೋ ಗಾಡಿಯ ಲೆಕ್ಕ ಇದು.

ಡೀಲರ್ "ಕೀ ಆನ್ ಮಾಡಿಟ್ಟು ಮರೆತಿದ್ರು, ಅದಕ್ಕೆ ಮೀಟರ್ ಓಡಿದೆ" ಅಂತಾನೂ ಹೇಳಬಹುದು, ಕೆಲವು ಡಿಜಿಟಲ್ ಮೀಟರ್ ನಿಜವಾಗ್ಲೂ ಇಂಜಿನ್ ಆಫ್ ಇದ್ರೂ ಕೀ ಆನ್ ಇದ್ರೆ ಓಡತ್ತೆ. ಅದನ್ನ ನೀವೇ ಪರೀಕ್ಷೆ ಮಾಡಿ, ಸುಲಭ. ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ಬೇಡಿ, ಸುಮ್ನೆ ನೋಡ್ತಾ ಕೂತ್ಕಳಿ. ಮೀಟರಿನ ಕೊನೇ ಅಂಕಿ ಗಂಟೆಯ ಹತ್ತನೇ ಒಂದು ಭಾಗ, ಅಂದ್ರೆ ಆರು ನಿಮಿಷಕ್ಕೆ ಒಂದು ಸಲ ಬದಲಾಗ್ಬೇಕು. ಹತ್ತು ನಿಮಿಷ ಆದ್ರೂ ಅಲ್ಲಾಡಿಲ್ಲ ಅಂದ್ರೆ ಆ ಮಾತು ಅಲ್ಲಿಗೆ ಮುಗೀತು, ವಿಡಿಯೋ ಮಾಡಿಟ್ಕಳಿ. ಇನ್ನು ಮುಳ್ಳಿನ ಹಳೇ ಥರದ ಮೀಟರ್ ಆಗಿದ್ರೆ ಅದು ಇಂಜಿನ್ ಸುತ್ತೋ ವೇಗದ ಮೇಲೆ ಎಣಿಸೋದು, ನಿಧಾನಕ್ಕೆ ಐಡ್ಲಿಂಗಲ್ಲಿದ್ರೆ ಒಂದು ಗಂಟೆ ಆದ್ರೂ ಮೀಟರಲ್ಲಿ ಅಷ್ಟು ಬರಲ್ಲ. ಅಂಥದ್ರಲ್ಲಿ 37 ತೋರಿಸ್ತಿದೆ ಅಂದ್ರೆ ಗಾಡಿ ಓಡಿರೋದು ಅದಕ್ಕಿಂತ ಜಾಸ್ತಿನೇ ಇರತ್ತೆ.

ಹಂಗಾದ್ರೆ ಈ ಗಂಟೆ ಎಲ್ಲಿಂದ ಬಂತು? ಎರಡು ದಾರಿ ಇರತ್ತೆ ಸಾಮಾನ್ಯವಾಗಿ. ಒಂದು ಡೆಮೋ ಗಾಡಿ, ಕೃಷಿ ಮೇಳಕ್ಕೆ, ಊರೂರಿಗೆ ತಗಂಡೋಗಿ ರೈತರ ಜಮೀನಲ್ಲೇ ಉತ್ತು ತೋರಿಸ್ತಾರಲ್ಲ ಅದು, ಸೀಸನ್ ಮುಗಿದ್ಮೇಲೆ ತೊಳ್ದು ಪಾಲಿಶ್ ಹೊಡೆದು ಶೋರೂಮಲ್ಲಿ ನಿಲ್ಸ್ತಾರೆ. ಇನ್ನೊಂದು, ಯಾರೋ ಅಡ್ವಾನ್ಸ್ ಕೊಟ್ಟು ಗಾಡಿ ಮನೆಗೆ ಒಯ್ದು ಕೆಲಸ ಶುರು ಮಾಡಿರ್ತಾರೆ, ಆಮೇಲೆ ಬ್ಯಾಂಕಲ್ಲಿ ಲೋನ್ ಆಗದೆ ಗಾಡಿ ವಾಪಸ್ ಬಂದಿರತ್ತೆ. ಎರಡರಲ್ಲೂ ಗಾಡಿ ಕೆಟ್ಟದ್ದು ಅಂತ ನಾನು ಹೇಳಲ್ಲ. ಡೆಮೋ ಗಾಡಿ ಅಂತ ಬಾಯಿಬಿಟ್ಟು ಹೇಳಿ, ಬೆಲೆ ಇಳಿಸಿ, ವಾರಂಟಿ ಸರಿಯಾಗಿ ಬರ್ಕೊಟ್ರೆ ತಗಳ್ಳಕ್ಕೆ ಏನೂ ತೊಂದ್ರೆ ಇಲ್ಲ, ಕೆಲವರಿಗೆ ಅದೇ ಲಾಭ. ಮುಚ್ಚಿಟ್ಟು ಹೊಸದರ ರೇಟು ತಗಳ್ಳೋದು ಮಾತ್ರ ಮೋಸ.

ನಮ್ ಮಲೆನಾಡಲ್ಲಿ ಇನ್ನೊಂದು ನೋಡ್ಲೇಬೇಕು, ಆ 37 ಗಂಟೆ ಯಾವ ಕೆಲಸಕ್ಕೆ ಹೋಗಿದೆ ಅನ್ನೋದು. ಒಣ ನೆಲದಲ್ಲಿ ಟ್ರೈಲರ್ ಎಳೆದಿದ್ರೆ ಬೇರೆ, ಗದ್ದೆಯಲ್ಲಿ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಹಾಕಿ ಕೆಸರು ಹೊಡೆದಿದ್ರೆ ಬೇರೆ. ಫೋರ್ ವೀಲ್ ಮಿನಿ ಗಾಡಿಗಳಲ್ಲಿ ಮುಂದಿನ ಆಕ್ಸಲ್ ಪೂರ್ತಿ ಕೆಸರಲ್ಲಿ ಮುಳುಗಿ ಓಡತ್ತೆ, ಸೀಲ್ ಸ್ವಲ್ಪ ಸವೆದ್ರೂ ನೀರು ಒಳಗೆ ಹೋಗತ್ತೆ, ಎಣ್ಣೆ ಹಾಲು ಬೆರೆಸಿದ ಟೀ ಥರ ಆಗತ್ತೆ, ಗೊತ್ತಾಗೋದು ಮುಂದಿನ ವರ್ಷ ಬೇರಿಂಗ್ ಹೋದಾಗ. ಅದಕ್ಕೆ ಮುಂದಿನ ಆಕ್ಸಲ್ ಡ್ರೈನ್ ಬೋಲ್ಟ್ ಸಡಿಲ ಮಾಡಿಸಿ ಸ್ವಲ್ಪ ಎಣ್ಣೆ ತೆಗೆಸಿ ನೋಡಿ, ನೀವಾಗೇ ಬಿಚ್ಬೇಡಿ, ಅವ್ರ ಮೆಕ್ಯಾನಿಕ್ ಕೈಯಲ್ಲೇ ನಿಮ್ಮೆದುರಿಗೆ ಮಾಡಿಸಿ. ಇಂಜಿನ್ ಎಣ್ಣೆ ಕಪ್ಪಾಗಿದೆ ಅಂತ ಮಾತ್ರ ವಾದ ಮಾಡ್ಬೇಡಿ, ಡೀಸೆಲ್ ಇಂಜಿನಲ್ಲಿ ಹೊಸ ಎಣ್ಣೆನೂ ಬೇಗ ಕಪ್ಪಾಗತ್ತೆ, ಅದ್ರಿಂದ ಏನೂ ಸಾಬೀತಾಗಲ್ಲ.

ಕಣ್ಣಿಗೆ ಕಾಣೋ ಗುರುತು ಬೇರೆ ಇದಾವೆ. ಹಿಂದೆ ಲೋಯರ್ ಲಿಂಕ್ (ಉಪಕರಣ ಕಟ್ಟೋ ಕೆಳಗಿನ ಎರಡು ತೋಳು) ತುದಿಯಲ್ಲಿ ಪಿನ್ ಕೂರೋ ಗುಂಡು ಇರತ್ತಲ್ಲ, ಅದ್ರ ಒಳಗೆ ಪೇಂಟ್ ಹೋಗಿ ಹೊಳೀತಿದ್ರೆ ಉಪಕರಣ ಕಟ್ಟಿ ಎಳೆದಿದ್ದಾರೆ ಅಂತಲೇ ಅರ್ಥ. ಪಿಟಿಓ ಶಾಫ್ಟಿನ (ರೋಟವೇಟರಿಗೆ ಇಂಜಿನ್ ಶಕ್ತಿ ಕೊಡೋ ಹಿಂದಿನ ಶಾಫ್ಟು) ಹಲ್ಲುಗಳ ಮೇಲೆ ಉಜ್ಜಿದ ಗೆರೆ ಇದೆಯಾ ನೋಡಿ. ಹೊಸ ಟೈರ್ ಮೇಲೆ ಸಣ್ಣ ಸಣ್ಣ ರಬ್ಬರ್ ಕೂದಲು ಇರತ್ತೆ, ಬಟನ್ (ಟೈರಿನ ಉಬ್ಬಿರೋ ಹಲ್ಲು) ಮೇಲೆ ಒಂದೂ ಉಳಿದಿಲ್ಲ ಅಂದ್ರೆ ಓಡಿದ ಟೈರು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚು ಹಾಕಿರ್ತಾರೆ, 1424 ಅಂತಿದ್ರೆ 2024ರ 14ನೇ ವಾರ ಮಾಡಿದ ಟೈರು ಅಂತ, ಅದನ್ನ ಫಾರಂ 21ರಲ್ಲಿರೋ (ಡೀಲರ್ ಕೊಡೋ ಮಾರಾಟದ ಸರ್ಟಿಫಿಕೇಟು) ಗಾಡಿ ತಯಾರಾದ ತಿಂಗಳ ಜೊತೆ ಹೋಲಿಸಿ, ಗಾಡಿಗಿಂತ ಟೈರ್ ಹೊಸದಾಗಿದ್ರೆ ಯಾಕೆ ಬದಲಾಯಿಸಿದ್ರಿ ಅಂತ ಕೇಳಿ. ರಿಮ್ ಬೋಲ್ಟ್ ಮೇಲೆ ಪಾನಾ ಹಾಕಿದ ಗುರುತು, ಮಡ್‌ಗಾರ್ಡ್ ಒಳಭಾಗದಲ್ಲಿ, ರಿಮ್ ಸಂದಿಯಲ್ಲಿ ಮಣ್ಣು, ಇದನ್ನೂ ನೋಡಿ, ಎಷ್ಟು ತೊಳೆದ್ರೂ ಅಲ್ಲಿ ಸ್ವಲ್ಪ ಉಳ್ಕಂಡಿರತ್ತೆ. ನಿಮ್ ರೋಟವೇಟರನ್ನೂ ಬಿಡ್ಬೇಡಿ, ಬ್ಲೇಡಿನ ಅಂಚು ಬೆಳ್ಳಗೆ ಹೊಳೀತಿದ್ರೆ ಅದೂ ಮಣ್ಣು ಕಂಡಿದೆ. ಎಲ್ಲಾನೂ ಹತ್ರದಿಂದ ಫೋಟೋ ತೆಗೀರಿ, ಚಾಸಿ ನಂಬರ್ ಪ್ಲೇಟ್ ಸಮೇತ.

ಒಂದು ವಿಷಯ, ಹಳೇ ಸ್ಟಾಕ್ ಬೇರೆ, ಓಡಿದ ಗಾಡಿ ಬೇರೆ, ಎರಡನ್ನೂ ಕಲಸ್ಬೇಡಿ. ತಯಾರಾಗಿ ವರ್ಷ ಆಗಿರೋ ಗಾಡಿ ಮೀಟರಲ್ಲಿ ಮೂರೇ ಗಂಟೆ ಇದ್ರೆ ಅದು ಹಳೇ ಸ್ಟಾಕು, ಅದಕ್ಕೆ ಡಿಸ್ಕೌಂಟ್ ಕೇಳಬಹುದು, ಆದ್ರೆ ಅದು ಯಾರೂ ಬಳಸಿದ ಗಾಡಿ ಅಲ್ಲ.

"ಹೋಗ್ಲಿ ಬಿಡಿ, 37 ಗಂಟೆ ತಾನೆ" ಅಂತ ಮನೆಯವ್ರು ಹೇಳ್ತಿದಾರೆ ಅಂತ ಬರೆದಿದೀರಿ. ವಾರಂಟಿ ಕಾರ್ಡ್ ತೆಗೆದು ಓದಿ. ಇಷ್ಟು ವರ್ಷ ಅಥವಾ ಇಷ್ಟು ಗಂಟೆ, ಯಾವುದು ಮೊದ್ಲೋ ಅದು ಅಂತ ಇರತ್ತೆ, ಆ ಗಂಟೆ ಲೆಕ್ಕದಲ್ಲಿ ಬೇರೆಯವ್ರು ಉಂಡಿದ್ದು ನಿಮ್ ಖಾತೆಗೆ ಬಂದಿದೆ. ಅದಕ್ಕಿಂತ ಮುಖ್ಯ, ಹೆಚ್ಚಿನ ಟ್ರ್ಯಾಕ್ಟರಿಗೆ ಮೊದಲ ಸರ್ವೀಸ್ 50 ಗಂಟೆಗೆ. ಹೊಸ ಇಂಜಿನನ್ನ ಆ 50 ಗಂಟೆ ಹದವಾಗಿ ಓಡಿಸ್ಬೇಕು, ಪೂರ್ತಿ ಲೋಡ್ ಹಾಕ್ಬಾರ್ದು ಅಂತ ಕಂಪನಿಯವ್ರೇ ಹೇಳ್ತಾರೆ, ನಿಮ್ ಗಾಡಿದು ಮುಕ್ಕಾಲು ಭಾಗ ಯಾರೋ ಗೊತ್ತಿಲ್ಲದವ್ರ ಕೈಯಲ್ಲಿ ಆಗೋಗಿದೆ, ಅವ್ರು ಹೆಂಗ್ ಓಡಿಸಿದ್ರೋ. ಬಾಡಿಗೆ ಡ್ರೈವರ್ ಆಗಿದ್ರಂತೂ ಕ್ಲಚ್ ಮೇಲೆ ಕಾಲಿಟ್ಕಂಡೇ ಇರ್ತಾನೆ.

ನಮ್ಮ ಭಾವಂಗೂ ಕೊಪ್ಪದ ಕಡೆ ಹಿಂಗೇ ಆಗಿತ್ತು, ಅದು ಪವರ್ ಟಿಲ್ಲರು. ಅದ್ರಲ್ಲಿ ಮೀಟರೇ ಇರ್ಲಿಲ್ಲ, ಬೆಲ್ಟ್ ಹೊಳಪು ಬಂದಿದ್ದು, ಬ್ಲೇಡ್ ತುದಿ ದುಂಡಾಗಿದ್ದು, ಸೈಲೆನ್ಸರ್ ಬಣ್ಣ ಸುಟ್ಟಿದ್ದು ನೋಡಿ ಗೊತ್ತಾಯ್ತು. ಅಗೆ ಹಾಕಿ ಆಗಿತ್ತು, ಮಳೆ ಹಿಡಿದಿತ್ತು, ವಾಪಸ್ ಕೊಟ್ರೆ ನಾಟಿ ಹೊತ್ತಿಗೆ ಬೇರೆ ಸಿಗಲ್ಲ ಅನ್ನೋ ಪರಿಸ್ಥಿತಿ. ಮಾರೋರಿಗೂ ಅದು ಚೆನ್ನಾಗ್ ಗೊತ್ತಿರತ್ತೆ, ಜೂನ್ ತಿಂಗಳಲ್ಲಿ ರೈತ ತಿರುಗಿಸಿ ಕೊಡಲ್ಲ ಅಂತ. ನಂಗೆ ನಿಜಕ್ಕೂ ಸಿಟ್ಟು ಬರೋದು ಇದಕ್ಕೇ. ಭಾವ ಮಾತ್ರ ಗಲಾಟೆ ಮಾಡದೆ ಒಂದು ಅರ್ಜಿ ಬರೆದು, ಫೋಟೋ ಇಟ್ಟು, ಡೀಲರಿಗೊಂದು ಪ್ರತಿ ಕಂಪನಿಗೊಂದು ಪ್ರತಿ ರಿಜಿಸ್ಟರ್ಡ್ ಪೋಸ್ಟ್ ಹಾಕಿದ್ರು. ಅಲ್ಲೀವರೆಗೂ "ನಮ್ಮೋರೇ ಅಲ್ವಾ, ಒಂದು ಸರ್ವೀಸ್ ಫ್ರೀ ಮಾಡ್ಕೊಡ್ತೀವಿ" ಅಂತಿದ್ದವ್ರು ಕಂಪನಿಯಿಂದ ಫೋನ್ ಬಂದ ತಕ್ಷಣ ಹೊಸ ಬ್ಲೇಡ್ ಸೆಟ್ಟು, ಬೆಲ್ಟು ಹಾಕ್ಕೊಟ್ಟು, ದುಡ್ಡೂ ಒಂದಷ್ಟು ವಾಪಸ್ ಮಾಡಿ, ವಾರಂಟಿ ಹೊಸದಾಗಿ ಶುರು ಅಂತ ಬರ್ಕೊಟ್ರು.

ನೀವು ಭಾವಂಗಿಂತ ಒಳ್ಳೇ ಜಾಗದಲ್ಲಿದೀರಿ, ಯಾಕಂದ್ರೆ ಆರ್‌ಸಿ ಇನ್ನೂ ಆಗಿಲ್ಲ. ನಿಮ್ ಹೆಸರಿಗೆ ರಿಜಿಸ್ಟ್ರೇಷನ್ ಆಗ್ಬಿಟ್ರೆ ಆ ಗಾಡಿ ಮತ್ತೆ ಹೊಸದು ಅಂತ ಮಾರಕ್ಕೆ ಬರಲ್ಲ, ಆಗ ಬದಲಾಯಿಸಿ ಕೊಡಕ್ಕೆ ಡೀಲರ್ ಒಪ್ಪೋದೇ ಇಲ್ಲ. ಅದಕ್ಕೆ ಅರ್ಜಿಯಲ್ಲಿ ಮೊದಲನೇ ಸಾಲೇ, ಇದು ಇತ್ಯರ್ಥ ಆಗೋವರೆಗೂ ರಿಜಿಸ್ಟ್ರೇಷನ್ ಮಾಡಿಸ್ಬೇಡಿ ಅಂತ ಹಾಕಿ, ಲೋನ್ ಇದ್ರೆ ಬ್ಯಾಂಕ್ ಮ್ಯಾನೇಜರಿಗೂ ಒಂದು ಪ್ರತಿ ಕೊಡಿ. ಸಬ್ಸಿಡಿ ಫೈಲ್ ಹಾಕಿದ್ರೆ ರೈತ ಸಂಪರ್ಕ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ, ಎಲ್ಲಿ ಹಾಕಿದೀರೋ ಅಲ್ಲೂ ಈಗ್ಲೇ ಹೇಳಿ, ಚಾಸಿ ನಂಬರ್ ಫೈಲಿಗೆ ಹತ್ತಿದ ಮೇಲೆ ಗಾಡಿ ಬದಲಾಯಿಸೋದು ದೊಡ್ಡ ತಲೆನೋವು. ಕೇಳೋದು ಎರಡರಲ್ಲಿ ಒಂದು: ಬೇರೆ ಚಾಸಿ ನಂಬರಿನ ಹೊಸ ಗಾಡಿ, ಇಲ್ಲಾ ಇದನ್ನೇ ಇಟ್ಕಳದಾದ್ರೆ ಬೆಲೆ ಇಳಿಸಿ ತಿದ್ದಿದ ಬಿಲ್ಲು, ಜೊತೆಗೆ ವಾರಂಟಿ ಗಂಟೆ 37ರಿಂದ ಶುರು ಅಂತ ಕಂಪನಿ ಲೆಟರು. ಡೀಲರ್ ಲೆಟರ್ ಸಾಲಲ್ಲ, ವಾರಂಟಿ ಕೊಡೋದು ಕಂಪನಿ.

ಒಪ್ಪಲ್ಲ ಅಂದ್ರೆ ಕಾನೂನು ನಿಮ್ ಕಡೆ ಸ್ಪಷ್ಟವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕಲಂ 2(47)ರಲ್ಲಿ ಬಳಸಿದ, ಹಳೆಯ, ರಿಪೇರಿ ಮಾಡಿದ ವಸ್ತುವನ್ನ ಹೊಸದು ಅಂತ ಸುಳ್ಳು ಹೇಳಿ ಮಾರೋದನ್ನ ಅನುಚಿತ ವ್ಯಾಪಾರ ಪದ್ಧತಿ ಅಂತಲೇ ಹೆಸರಿಸಿದ್ದಾರೆ. ಮೊದ್ಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಎಷ್ಟೋ ಸಲ ಅಲ್ಲೇ ಮುಗಿಯತ್ತೆ. ಇಲ್ಲಾಂದ್ರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ, ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿ ಹೆಡ್ ಆಫೀಸ್ ಇರೋ ಊರಿಗೆ ಹೋಗ್ಬೇಕಾಗಿಲ್ಲ. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ರೆ ಫೀಸೇ ಇಲ್ಲ, 5ರಿಂದ 10 ಲಕ್ಷದೊಳಗೆ ಇದ್ರೆ 200 ರೂಪಾಯಿ. ವಕೀಲರಿಲ್ದೆ ನೀವೇ ವಾದ ಮಾಡಬಹುದು, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೆ. "ಟ್ರ್ಯಾಕ್ಟರ್ ಅಂದ್ರೆ ವ್ಯಾಪಾರಕ್ಕೆ, ನೀವು ಗ್ರಾಹಕರೇ ಅಲ್ಲ" ಅಂತ ಅವ್ರ ವಕೀಲ್ರು ಹೇಳ್ತಾರೆ, ಹೆದರ್ಬೇಡಿ, ಸ್ವಂತ ದುಡಿಮೆಯಿಂದ ಜೀವನ ಮಾಡಕ್ಕೆ ತಗಂಡಿದ್ದು ವಾಣಿಜ್ಯ ಉದ್ದೇಶ ಆಗಲ್ಲ ಅಂತ ಅದೇ ಕಾಯ್ದೆಯಲ್ಲಿ ವಿವರಣೆ ಇದೆ. ಪಹಣಿ ಜೊತೆಗಿಟ್ಕಳಿ.

ಶೋರೂಮಿಗೆ ಹೋಗೋವಾಗ ಒಬ್ರೇ ಹೋಗ್ಬೇಡಿ, ಟ್ರ್ಯಾಕ್ಟರ್ ಗೊತ್ತಿರೋ ಒಬ್ರನ್ನ ಕರ್ಕಂಡೋಗಿ. ಡೆಲಿವರಿ ದಿನ ಸಹಿ ಹಾಕಿಸ್ಕಂಡಿರೋ ಕಾಗದಗಳಲ್ಲಿ ಪಿಡಿಐ ಶೀಟ್ (ಡೆಲಿವರಿ ಮುಂಚೆ ಗಾಡಿ ಚೆಕ್ ಮಾಡಿದ್ದರ ಪಟ್ಟಿ) ಅಂತ ಒಂದು ಇರತ್ತೆ, ಅದ್ರಲ್ಲಿ ಅವರ್ ಮೀಟರ್ ರೀಡಿಂಗ್ ತುಂಬೋ ಜಾಗ ಇದ್ದು ಅಲ್ಲಿ ಏನ್ ಬರೆದಿದಾರೆ ಅಂತ ಮೊದ್ಲು ನೋಡಿ. ಅದ್ರ ಫೋಟೋ ಮತ್ತೆ ಲೋಯರ್ ಲಿಂಕ್ ಫೋಟೋ ಚಾಸಿ ನಂಬರ್ ಮುಚ್ಚಿ ಇಲ್ಲಿ ಹಾಕಿದ್ರೆ ನೋಡಿ ಹೇಳ್ತೀನಿ.