ಎಐ ಬಂದ ಮೇಲೂ ವೆಟ್ ಲ್ಯಾಬ್‌ನಲ್ಲೇ ಇರಲಾ, ಕಂಪ್ಯುಟೇಷನಲ್ ಬಯಾಲಜಿಗೆ ಹೋಗಲಾ?

ಪಿಎಚ್‌ಡಿ ಎರಡನೇ ವರ್ಷ. ವೆಟ್ ಲ್ಯಾಬ್ ಅಂದರೆ ಕೈಯಾರೆ ಪ್ರಯೋಗ ಮಾಡುವ ಲ್ಯಾಬ್, ಅಲ್ಲಿ ಪಿಪೆಟ್ ಹಿಡಿದು ಬೇಸರ. ಪ್ರೋಟೀನ್ ಆಕಾರ ಊಹಿಸುವ ಎಐ ಆಲ್ಫಾಫೋಲ್ಡ್ ನೋಡಿ ಭಯ. ಕಂಪ್ಯೂಟರ್‌ನಲ್ಲೇ ಜೀವಶಾಸ್ತ್ರ ಮಾಡಲು ಪೈಥಾನ್ ಭಾಷೆ ಕಲಿಯಲಾ, ಆರ್ ಭಾಷೆ ಕಲಿಯಲಾ ಅನ್ನುವ ಗೊಂದಲ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೇ ಡೈರಿ ಓದಿದ ಹಾಗಾಯಿತು. ಅದಕ್ಕೇ ಬರೆಯಲು ಕೂತೆ.

ನಾನಿದ್ದದ್ದು ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ. ಕೊಬ್ಬು ಜಾಸ್ತಿ ಇರುವ ಆಹಾರ ಕೊಟ್ಟರೆ ಇಲಿಯ ಲಿವರ್‌ನಲ್ಲಿ ಯಾವ ಜೀನ್‌ಗಳ ಕೆಲಸ ಏರುತ್ತದೆ, ಯಾವುದರದು ಇಳಿಯುತ್ತದೆ ಅನ್ನುವುದು ನನ್ನ ವಿಷಯ. ಆರು ಇಲಿಗೆ ಮಾಮೂಲಿ ಆಹಾರ, ಇನ್ನಾರಕ್ಕೆ ಹೈ ಫ್ಯಾಟ್ ಡಯಟ್. 16 ವಾರ ಸಾಕಬೇಕು, ವಾರ ವಾರ ತೂಕ ಹಾಕಬೇಕು. ಕೊನೆಗೆ ಸ್ಯಾಕ್ರಿಫೈಸ್ ಮಾಡಿ, ಅಂದರೆ ಕೊಂದು, ಲಿವರ್ ತೆಗೆದು, ಅದರಿಂದ ಆರ್‌ಎನ್‌ಎ ಬೇರ್ಪಡಿಸಿ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಅಳೆಯುವ ಸೀಕ್ವೆನ್ಸಿಂಗ್‌ಗೆ ಕಳಿಸಬೇಕು.

ಆ ಹೊತ್ತಿಗೆ ನನ್ನ ಮನಸ್ಸು ಲ್ಯಾಬ್‌ನಲ್ಲಿ ಇರಲೇ ಇಲ್ಲ. 2020ರ ಕೊನೆಯಲ್ಲಿ ಆಲ್ಫಾಫೋಲ್ಡ್ 2ರ ಸುದ್ದಿ ಬಂದಿತ್ತು. ವರ್ಷಗಟ್ಟಲೆ ಹರಳು ಬೆಳೆಸಿ ಕಂಡುಹಿಡಿಯಬೇಕಿದ್ದ ಪ್ರೋಟೀನ್ ಆಕಾರವನ್ನು ಕಂಪ್ಯೂಟರ್ ಹೇಳುತ್ತದೆ ಅಂದರೆ ನಾನು ಇಲ್ಲಿ ಇಲಿ ತೂಕ ಹಾಕುತ್ತಾ ಏನು ಮಾಡುತ್ತಿದ್ದೇನೆ ಅನ್ನಿಸಿತ್ತು. ಇಲಿ ಕೆಲಸ ಬೇಗ ಮುಗಿದು ಡೇಟಾ ಕೈಗೆ ಬಂದರೆ ಸಾಕು, ನಿಜವಾದ ವಿಜ್ಞಾನ ಲ್ಯಾಪ್‌ಟಾಪ್‌ನಲ್ಲಿ ಶುರುವಾಗುತ್ತದೆ ಅಂತ ನಂಬಿದ್ದೆ. ನನ್ನ ತಪ್ಪಿನ ಬೇರು ಇದೇ ನಂಬಿಕೆ.

ಮಂಗಳವಾರ ಬೆಳಿಗ್ಗೆ ಮಾಮೂಲಿ ಆಹಾರದ ಆರೂ ಇಲಿ ಮುಗಿಸಿದೆ. ಗುರುವಾರ ಬೆಳಿಗ್ಗೆ ಎಂಎಸ್ಸಿ ಹುಡುಗರಿಗೆ ಪ್ರಾಕ್ಟಿಕಲ್ ಮಾಡಿಸುವ ಡ್ಯೂಟಿ ಇತ್ತು. ಹಾಗಾಗಿ ಹೈ ಫ್ಯಾಟ್ ಇಲಿಗಳನ್ನು ಅವತ್ತು ಮಧ್ಯಾಹ್ನದ ಮೇಲೆ ತೆಗೆದುಕೊಂಡೆ. ಒಂದು ಗುಂಪು ಒಂದು ದಿನ, ಇನ್ನೊಂದು ಗುಂಪು ಇನ್ನೊಂದು ದಿನ. ಟ್ಯೂಬ್ ಅದಲು ಬದಲಾಗುವ ಭಯ ಇಲ್ಲ, ಲೇಬಲ್ ಹಾಕುವುದೂ ಸುಲಭ. ಆರ್‌ಎನ್‌ಎಯನ್ನೂ ಹಾಗೇ ಎರಡು ಸಲಕ್ಕೆ ತೆಗೆದೆ. ಮೊದಲ ಗುಂಪಿಗೆ ಹಳೇ ಕಿಟ್ ಸಾಕಾಯಿತು, ಎರಡನೆಯದಕ್ಕೆ ಹೊಸ ಡಬ್ಬ ಒಡೆದೆ. ಬಹಳ ಅಚ್ಚುಕಟ್ಟಾಗಿ ಮಾಡಿದ್ದೇನೆ ಅಂತಲೇ ಅಂದುಕೊಂಡಿದ್ದೆ.

ಡೇಟಾ ಬಂತು. ಒಂದೇ ಥರದ ಸ್ಯಾಂಪಲ್‌ಗಳನ್ನು ಹತ್ತಿರ ಹತ್ತಿರ ಚುಕ್ಕಿಗಳಾಗಿ ತೋರಿಸುವ ಪಿಸಿಎ ಪ್ಲಾಟ್ ಹಾಕಿದರೆ ಆರು ಚುಕ್ಕಿ ಎಡಕ್ಕೆ, ಆರು ಚುಕ್ಕಿ ಬಲಕ್ಕೆ. ನಡುವೆ ಹೆದ್ದಾರಿಯಷ್ಟು ಜಾಗ. ಸುಮಾರು 4,000 ಜೀನ್‌ಗಳಲ್ಲಿ ವ್ಯತ್ಯಾಸ. ಸುಮ್ನೆ ಒಂದು ಮಷಿನ್ ಲರ್ನಿಂಗ್ ಮಾಡೆಲ್ ಕಟ್ಟಿ ನೋಡಿದೆ. ಯಾವ ಇಲಿ ಯಾವ ಗುಂಪಿನದು ಅಂತ ನೂರಕ್ಕೆ ನೂರು ಸರಿ ಹೇಳಿತು.

ಪಟ್ಟಿಯ ತಲೆಯಲ್ಲಿ ಇದ್ದದ್ದು ಗಡಿಯಾರದ ಜೀನ್‌ಗಳು. ನಮ್ಮ ಮೈಯ ಹೆಚ್ಚುಕಡಿಮೆ ಎಲ್ಲ ಜೀವಕೋಶಕ್ಕೂ ತನ್ನದೇ 24 ಗಂಟೆಯ ಗಡಿಯಾರ ಇದೆ. ಅದರ ಕೀಲಿ ಹೇಗೆ ತಿರುಗುತ್ತದೆ ಅಂತ ಹಣ್ಣಿನ ನೊಣದಲ್ಲಿ ಕಂಡುಹಿಡಿದವರಿಗೆ 2017ರಲ್ಲಿ ನೊಬೆಲ್ ಬಂತು. ನನ್ನ ಹೈ ಫ್ಯಾಟ್ ಇಲಿಗಳಲ್ಲಿ ಡಿಬಿಪಿ ಅನ್ನುವ ಜೀನ್ ಆಕಾಶಕ್ಕೇರಿತ್ತು, ಬಿಮಾಲ್1 ನೆಲ ಕಚ್ಚಿತ್ತು. ಕೊಬ್ಬಿನ ಆಹಾರ ಇಲಿಯ ದೇಹದ ಗಡಿಯಾರ ಕೆಡಿಸುತ್ತದೆ ಅಂತ 2007ರಲ್ಲೇ ಒಂದು ಒಳ್ಳೆಯ ಪೇಪರ್ ಬಂದಿತ್ತು. ಹಳೇ ಪೇಪರ್ ಹೇಳಿದ್ದನ್ನೇ ನನ್ನ ಡೇಟಾ ಹತ್ತು ಪಟ್ಟು ಜೋರಾಗಿ ಹೇಳುತ್ತಿದೆ! ಥೀಸಿಸ್‌ನ ಒಂದು ಅಧ್ಯಾಯ ಬರೆದೇಬಿಟ್ಟೆ.

ಡಿಪಾರ್ಟ್‌ಮೆಂಟ್ ಸೆಮಿನಾರ್‌ನಲ್ಲಿ ಇದನ್ನೆಲ್ಲ ಹೇಳಿ ಮುಗಿಸಿದೆ. ಹಿಂದಿನ ಸಾಲಿನಿಂದ ಬೇರೆ ಲ್ಯಾಬ್‌ನ ಮೇಡಂ ಒಬ್ಬರು ಒಂದೇ ಪ್ರಶ್ನೆ ಕೇಳಿದರು. "ಇಲಿಗಳನ್ನು ಸ್ಯಾಕ್ರಿಫೈಸ್ ಮಾಡಿದ್ದು ಎಷ್ಟು ಗಂಟೆಗೆ?"

ನನಗೆ ನೆನಪಿರಲಿಲ್ಲ. ನೋಟ್‌ಬುಕ್‌ನಲ್ಲಿ ತಾರೀಕು ಇತ್ತು, ಗಂಟೆ ಇರಲಿಲ್ಲ. ಸಂಜೆ ಅನಿಮಲ್ ಹೌಸ್‌ಗೆ ಹೋದೆ. ಅಲ್ಲಿ ಕೆಲಸ ಮಾಡುವ ಅಣ್ಣ ರಿಜಿಸ್ಟರ್ ತೆಗೆದು ಮುಂದಿಟ್ಟರು. "ಎಲ್ಲಾ ಬರೆದಿದ್ದೀನಮ್ಮ, ನೋಡು" ಅಂದರು. ಮಂಗಳವಾರ ಪಂಜರ ಹೊರಗೆ ಹೋದದ್ದು 9.40ಕ್ಕೆ. ಗುರುವಾರ ಮಧ್ಯಾಹ್ನ 3.50ಕ್ಕೆ. ಅಲ್ಲಿ ದೀಪ ಹೊತ್ತುವುದು ಬೆಳಿಗ್ಗೆ 7ಕ್ಕೆ. ಇಲಿಯ ಲಿವರ್‌ನಲ್ಲಿ ಬಿಮಾಲ್1 ಜಾಸ್ತಿ ಇರುವುದು ದೀಪ ಹೊತ್ತುವ ಆಸುಪಾಸಿನಲ್ಲಿ. ಡಿಬಿಪಿ ಏರುವುದು ಮಧ್ಯಾಹ್ನದ ಮೇಲೆ. ಕೊಬ್ಬು ತಿನ್ನದ ಇಲಿಯಲ್ಲೂ ಹಾಗೇ. ಅಂದರೆ ನಾನು ಅಳೆದದ್ದರಲ್ಲಿ ಎಷ್ಟು ಪಾಲು ಆಹಾರದ್ದು, ಎಷ್ಟು ಪಾಲು ಬೆಳಿಗ್ಗೆ ಮತ್ತು ಸಂಜೆಯ ನಡುವಿನದು ಅಂತ ಹೇಳಲು ದಾರಿಯೇ ಇರಲಿಲ್ಲ. ಇಲಿಯ ಮೈಯ ಬೇರೆ ಬೇರೆ ಅಂಗಗಳನ್ನು ಎರಡು ಗಂಟೆಗೊಮ್ಮೆ ಅಳೆದ 2014ರ ಒಂದು ಅಧ್ಯಯನ ಇದೆ. ಪ್ರೋಟೀನ್ ಮಾಡುವ ಜೀನ್‌ಗಳಲ್ಲಿ ನೂರಕ್ಕೆ 43ರಷ್ಟು ಮೈಯ ಯಾವುದೋ ಒಂದು ಕಡೆ ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ ಅಂತ ಅದರಲ್ಲಿ ಕಂಡಿತು. ಅವು ಅತಿ ಹೆಚ್ಚು ಸಿಕ್ಕಿದ್ದು ಲಿವರ್‌ನಲ್ಲೇ.

ಈಗ ನನ್ನ ನಿಜವಾದ ತಪ್ಪಿಗೆ ಬರುತ್ತೇನೆ. ಗಂಟೆ ಬರೆಯದಿದ್ದದ್ದು ತಪ್ಪೇ. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಕಂಪ್ಯೂಟರ್ ನನಗೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು.

ವಿಶ್ಲೇಷಣೆಗೆ ಆರ್‌ನಲ್ಲಿ ಡಿಇಸೀಕ್2 ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೆ. ಅದರ ಫಾರ್ಮುಲಾದಲ್ಲಿ ಬ್ಯಾಚ್ (ಸ್ಯಾಂಪಲ್ ಯಾವ ಸಲ ತೆಗೆದದ್ದು ಅನ್ನುವುದು) ಮತ್ತು ಆಹಾರ ಎರಡನ್ನೂ ಹಾಕಬೇಕು ಅಂತ ಟ್ಯುಟೋರಿಯಲ್‌ನಲ್ಲಿ ಇತ್ತು, ಹಾಕಿದೆ. ಮಾಡೆಲ್ ಮ್ಯಾಟ್ರಿಕ್ಸ್ ಫುಲ್ ರ‍್ಯಾಂಕ್ ಅಲ್ಲ ಅಂತ ಕೆಂಪು ಅಕ್ಷರದಲ್ಲಿ ಎರರ್ ಬಂತು. ಅರ್ಥವಾಗಲಿಲ್ಲ. ಹುಡುಕಿದೆ. ಒಂದು ಕಾಲಂ ತೆಗೆದರೆ ಸರಿಹೋಗುತ್ತದೆ ಅಂತ ಯಾರೋ ಬರೆದಿದ್ದರು. ಬ್ಯಾಚ್ ಕಾಲಂ ಅಳಿಸಿದೆ. ಓಡಿತು. ಹತ್ತು ನಿಮಿಷದ ಕೆಲಸ. ನನ್ನ 14 ತಿಂಗಳು ಹೋದದ್ದು ಆ ಹತ್ತು ನಿಮಿಷಕ್ಕೆ.

ಆ ಎರರ್ ಏನು ಹೇಳುತ್ತಿತ್ತು ಅಂತ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನಿಮಗೂ ಅದು ಬಂದೇ ಬರುತ್ತದೆ. ಎರಡು ತಳಿಯ ರಾಗಿ ತಂದಿದ್ದೀರಿ ಅಂದುಕೊಳ್ಳಿ. ಒಂದನ್ನು ಪೂರ್ತಿ ಕೆರೆ ಕೆಳಗಿನ ಹೊಲದಲ್ಲಿ ಬಿತ್ತಿದಿರಿ, ಇನ್ನೊಂದನ್ನು ಪೂರ್ತಿ ದಿಣ್ಣೆ ಮೇಲಿನ ಹೊಲದಲ್ಲಿ. ಕೆಳಗಿನದು ಜಾಸ್ತಿ ಬಂತು. ತಳಿ ಒಳ್ಳೆಯದಾ, ಮಣ್ಣು ಒಳ್ಳೆಯದಾ? ಯಾವ ಲೆಕ್ಕ ಹಾಕಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ತಳಿ ಬದಲಾದ ಕಡೆಯೆಲ್ಲ ಮಣ್ಣೂ ಬದಲಾಗಿದೆ. ಎರಡೂ ಹೊಲದಲ್ಲಿ ಎರಡೂ ತಳಿ ಸ್ವಲ್ಪ ಸ್ವಲ್ಪ ಬಿತ್ತಿದ್ದರೆ ಗೊತ್ತಾಗುತ್ತಿತ್ತು. ನನ್ನ ಟೇಬಲ್‌ನಲ್ಲಿ ಬ್ಯಾಚ್ ಕಾಲಂ ಮತ್ತು ಆಹಾರದ ಕಾಲಂ ಒಂದರ ನಕಲು ಇನ್ನೊಂದು ಅನ್ನುವಂತಿದ್ದವು. ಇವೆರಡನ್ನು ಬೇರ್ಪಡಿಸಲು ಆಗುವುದಿಲ್ಲ ಅಂತ ಸಾಫ್ಟ್‌ವೇರ್ ಪ್ರಾಮಾಣಿಕವಾಗಿ ಹೇಳಿತ್ತು. ನಾನು ಒಂದು ಕಾಲಂ ಅಳಿಸಿ ಅದರ ಬಾಯಿ ಮುಚ್ಚಿಸಿದೆ.

ಬ್ಯಾಚ್‌ನಿಂದ ಬಂದ ವ್ಯತ್ಯಾಸ ತೆಗೆಯುವ ಬ್ಯಾಚ್ ಕರೆಕ್ಷನ್ ಟೂಲ್‌ಗಳಿವೆಯಲ್ಲ ಅನ್ನಬಹುದು. ನಾನೂ ಸೆಮಿನಾರ್ ಆದ ಮೇಲೆ ಮೂರು ವಾರ ಅದನ್ನೇ ಮಾಡಿದೆ. ಕಾಂಬ್ಯಾಟ್ ಅನ್ನುವ ಟೂಲ್ ಹಾಕಿದೆ. ಆಹಾರದ ಗುಂಪನ್ನು ಹೇಳಿದರೆ, ಇದು ಬ್ಯಾಚ್ ಜೊತೆ ಬೆರೆತುಹೋಗಿದೆ ಅಂತ ಅದೂ ನಿಂತಿತು. ಹೇಳದೆ ಓಡಿಸಿದರೆ 4,000 ಜೀನ್‌ಗಳ ವ್ಯತ್ಯಾಸವೂ ಮಾಯ. ಬ್ಯಾಚ್ ತೊಳೆಯಲು ಹೋಗಿ ಆಹಾರವನ್ನೂ ತೊಳೆದುಹಾಕಿತು. ಆಗಲೇ ನನಗೆ ಖಾತ್ರಿಯಾದದ್ದು. ನನ್ನ ಡೇಟಾ ಹಾಳಾದದ್ದು ಲ್ಯಾಪ್‌ಟಾಪ್‌ನಲ್ಲಿ ಅಲ್ಲ, ಆ ಮಂಗಳವಾರ ಬೆಳಿಗ್ಗೆ.

ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ 1938ರಲ್ಲಿ ಕಲ್ಕತ್ತಾದಲ್ಲಿ ನಡೆದ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ಇದನ್ನೇ ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಪೋಸ್ಟ್‌ಮಾರ್ಟಮ್ ಮಾಡಿ ಸತ್ತದ್ದು ಯಾತರಿಂದ ಅಂತ ಹೇಳಬಹುದು, ಅಷ್ಟೇ. ಹೊಲದ ಪ್ರಯೋಗಗಳಲ್ಲೇ ಪಳಗಿದ ಮನುಷ್ಯ ಅವರು.

ದೊಡ್ಡವರಿಗೂ ಇದು ತಪ್ಪಿಲ್ಲ. ಮನುಷ್ಯ ಮತ್ತು ಇಲಿಯ ಅಂಗಗಳ ಜೀನ್ ಚಟುವಟಿಕೆ ಹೋಲಿಸಿದ 2014ರ ಒಂದು ದೊಡ್ಡ ಪೇಪರ್ ಅಚ್ಚರಿಯ ಮಾತು ಹೇಳಿತು. ಮನುಷ್ಯನ ಲಿವರ್ ಹೆಚ್ಚು ಹೋಲುವುದು ಮನುಷ್ಯನದೇ ಬೇರೆ ಅಂಗಗಳನ್ನಂತೆ, ಇಲಿಯ ಲಿವರನ್ನಲ್ಲವಂತೆ. 2015ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯೋವ್ ಗಿಲಾಡ್ ಮತ್ತು ಓರ್ನಾ ಮಿಜ್ರಾಹಿ-ಮ್ಯಾನ್ ಆ ಫೈಲ್‌ಗಳೊಳಗೆ ಯಾವ ಮಷಿನ್, ಯಾವ ಲೇನ್ ಅಂತ ಇರುವ ಗುರುತುಗಳನ್ನು ಓದಿದರು. ಮನುಷ್ಯನ ಸ್ಯಾಂಪಲ್‌ಗಳು ಮತ್ತು ಇಲಿಯವು ಬಹುತೇಕ ಬೇರೆ ಬೇರೆ ಬ್ಯಾಚ್‌ನಲ್ಲಿ ಓಡಿದ್ದವು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಲಿವರ್ ಲಿವರಿನ ಪಕ್ಕಕ್ಕೇ ಬಂದು ಕೂತಿತು. ನನಗೆ ಅನಿಮಲ್ ಹೌಸ್ ರಿಜಿಸ್ಟರ್ ಇದ್ದ ಹಾಗೆ ಅವರಿಗೆ ಆ ಫೈಲಿನೊಳಗಿನ ಗುರುತುಗಳು.

ಎಐ ಇದ್ದರೆ ಇದೆಲ್ಲ ತಾನಾಗೇ ಸರಿಯಾಗುತ್ತದೆ ಅಂತ ದಯವಿಟ್ಟು ನಂಬಬೇಡಿ. ಇನ್ನೂ ಜಾಸ್ತಿ ಕೆಡುತ್ತದೆ. ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಹೇಳುವ ಮಾಡೆಲ್‌ಗಳ ಮೇಲೆ ಅಮೆರಿಕದಲ್ಲಿ 2018ರಲ್ಲಿ ಒಂದು ಅಧ್ಯಯನ ಬಂತು. ಎಕ್ಸ್‌ರೇ ಯಾವ ಆಸ್ಪತ್ರೆಯದು ಅಂತ ಆ ನೆಟ್‌ವರ್ಕ್ ಹೆಚ್ಚುಕಡಿಮೆ ತಪ್ಪಿಲ್ಲದೆ ಗುರುತಿಸುತ್ತಿತ್ತು. ಒಂದು ಆಸ್ಪತ್ರೆಯಲ್ಲಿ ನ್ಯುಮೋನಿಯಾ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಇದ್ದರೆ ಆಸ್ಪತ್ರೆ ಗುರುತಿಸಿದರೂ ಅಂಕ ಬರುತ್ತದಲ್ವಾ? ನನ್ನ ನೂರಕ್ಕೆ ನೂರರ ಮಾಡೆಲ್ ಕಲಿತದ್ದೂ ಕೊಬ್ಬನ್ನೋ ಗಡಿಯಾರವನ್ನೋ ಹೊಸ ಕಿಟ್ಟನ್ನೋ, ಯಾರು ಹೇಳಬೇಕು?

ಗೈಡ್ ಬೈಯಲಿಲ್ಲ. "ಮತ್ತೆ ಮಾಡಮ್ಮ" ಅಂದರು. ಪ್ರಾಣಿ ನೈತಿಕ ಸಮಿತಿಗೆ ಮತ್ತೆ ಅರ್ಜಿ ಹಾಕಬೇಕಿತ್ತು. ಮೊದಲ 12 ಇಲಿಗಳಿಂದ ಏನು ತಿಳಿಯಿತು ಅನ್ನುವ ಕಾಲಂನಲ್ಲಿ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಆ ಖಾಲಿ ಜಾಗ ನನಗೆ ಇವತ್ತಿಗೂ ನೋವು. ಹನ್ನೆರಡು ಜೀವ ತೆಗೆದಿದ್ದೆ, ಉತ್ತರವಿಲ್ಲದೆ.

ಎರಡನೇ ಸಲ ಗುಂಪಿಗೆ ಎಂಟರಂತೆ 16 ಇಲಿ. ನಾಲ್ಕು ದಿನ, ದಿನಕ್ಕೆ ನಾಲ್ಕು, ಎರಡು ಈ ಗುಂಪಿನದು, ಎರಡು ಆ ಗುಂಪಿನದು. ಒಂದು ಬಿಟ್ಟು ಒಂದು. ಎಲ್ಲವೂ ಬೆಳಿಗ್ಗೆ 10ರಿಂದ 12ರೊಳಗೆ. ಒಂದೇ ಲಾಟಿನ ಕಿಟ್. ಯಾವ ಟ್ಯೂಬ್ ಪ್ಲೇಟಿನ ಯಾವ ಕುಳಿಯೊಳಕ್ಕೆ ಅಂತ ಆರ್‌ನಲ್ಲಿ ಒಂದು ಸಾಲು ಬರೆದು ಚೀಟಿ ಎತ್ತಿಸಿದೆ. ನನ್ನ ಪಿಎಚ್‌ಡಿಯಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಕೋಡ್ ಆ ಒಂದು ಸಾಲು. 4,000 ಇದ್ದದ್ದು ಸುಮಾರು 600 ಜೀನ್‌ಗಳಿಗೆ ಇಳಿಯಿತು. ಸಿಡಿ36, ಸಿಡೆಕ್ ಥರದ ಕೊಬ್ಬು ಒಳಗೆ ಎಳೆದುಕೊಳ್ಳುವ, ಕೂಡಿಡುವ ಜೀನ್‌ಗಳು ಉಳಿದವು. ಗಡಿಯಾರದ ಆ ದೊಡ್ಡ ಕಥೆ ಹೋಯಿತು. ಪೇಪರ್ ಚಿಕ್ಕದಾಯಿತು, ಆದರೆ ಅದರ ಒಂದೊಂದು ಸಾಲಿಗೂ ನಾನು ಜವಾಬು ಕೊಡಬಲ್ಲೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ವೆಟ್ ಲ್ಯಾಬ್, ಕಂಪ್ಯೂಟರ್ ಅಂತ ಎರಡು ದಾರಿ ಇಲ್ಲ. ನೀವು ಹೆದರಿರುವ ಆಲ್ಫಾಫೋಲ್ಡನ್ನೇ ನೋಡಿ. ಅದು ಕಲಿತದ್ದು ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಲ್ಲಿ ಏಳು ಪ್ರೋಟೀನ್ ರಚನೆಗಳಿಂದ ಶುರುವಾದ ಸಂಗ್ರಹ ಅದು. ಐವತ್ತು ವರ್ಷ ಯಾರ್ಯಾರೋ ಬೆಂಚಿನ ಮುಂದೆ ಕೂತು, ಹೆಚ್ಚಿನವನ್ನು ಹರಳು ಬೆಳೆಸಿ, ಒಂದೊಂದಾಗಿ, ಎಲ್ಲರೂ ಒಪ್ಪಿದ ಒಂದೇ ನಮೂನೆಯಲ್ಲಿ ತುಂಬಿಸಿಟ್ಟ ಸುಮಾರು 1.7 ಲಕ್ಷ ರಚನೆಗಳು ಇಲ್ಲದಿದ್ದರೆ ಆಲ್ಫಾಫೋಲ್ಡ್‌ಗೆ ಬಂದ 2024ರ ನೊಬೆಲ್ ಇಲ್ಲ. ಅದಕ್ಕೂ ಹಿಂದೆ, 1963ರಲ್ಲಿ ಮದ್ರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಜೊತೆಗಾರರು ಪ್ರೋಟೀನ್ ಸರಪಳಿ ಯಾವ ಕೋನದಲ್ಲಿ ತಿರುಗಬಲ್ಲದು ಅಂತ ಲೆಕ್ಕ ಹಾಕಿ ನಕ್ಷೆ ಬರೆದರು. ಲೆಕ್ಕ ಅವರದು, ಅದಕ್ಕೆ ಬೇಕಾದ ಅಳತೆಗಳು ಹರಳುಗಳ ಎಕ್ಸ್‌ರೇ ಕೆಲಸದಿಂದ ಬಂದವು. ಆಮೇಲೆ ರಾಮಚಂದ್ರನ್ ಬೆಂಗಳೂರಿನ ಐಐಎಸ್‌ಸಿಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಇವತ್ತಿಗೂ ಹೊಸ ರಚನೆ ಸರಿಯಿದೆಯಾ ಅಂತ ನೋಡಲು ಆ ನಕ್ಷೆ ಬೇಕು. ರಾಮಚಂದ್ರನ್ ವೆಟ್ಟಾ, ಬರೀ ಲೆಕ್ಕದ ಡ್ರೈಯಾ? ಆ ಪ್ರಶ್ನೆಗೆ ಅರ್ಥವೇ ಇಲ್ಲ.

ಬೆಂಚ್ ಬಿಟ್ಟು ಓಡಬೇಡಿ. ಇಲಿ ಮುಟ್ಟಿದವರಿಗೆ ಮಾತ್ರ ಎಷ್ಟು ಗಂಟೆಗೆ ಅನ್ನುವ ಪ್ರಶ್ನೆ ಹೊಳೆಯುತ್ತದೆ. ಆದರೆ ನಾನು ಮಾಡಿದ ಹಾಗೆ ಲೆಕ್ಕವನ್ನು ಕೊನೆಗೆ ಇಟ್ಟುಕೊಳ್ಳಲೂಬೇಡಿ. ಭಾಷೆ ಯಾವುದಾದರೂ ಆದೀತು. ಆರ್‌ಎನ್‌ಎ ಸೀಕ್ವೆನ್ಸಿಂಗ್ ಇದ್ದರೆ ಆರ್, ಇಮೇಜ್ ಅಥವಾ ಡೀಪ್ ಲರ್ನಿಂಗ್ ಇದ್ದರೆ ಪೈಥಾನ್. ಅದಕ್ಕೆ ಒಂದು ವಾರಕ್ಕಿಂತ ಹೆಚ್ಚು ಯೋಚಿಸಬೇಡಿ. ಎಕ್ಸ್‌ಪೆರಿಮೆಂಟಲ್ ಡಿಸೈನ್ (ಪ್ರಯೋಗ ಹೇಗೆ ಹೆಣೆಯಬೇಕು ಅನ್ನುವುದು) ಮತ್ತು ಲೀನಿಯರ್ ಮಾಡೆಲ್ (ಡಿಇಸೀಕ್2 ಥರದ ಲೆಕ್ಕದ ಬುಡ) ಮಾತ್ರ ಕೂತು ಕಲಿಯಿರಿ, ಕೈಯಲ್ಲಿ ಬರೆದು ಕಲಿಯಿರಿ. ಬೇರೆಯವರ ಡೇಟಾ ಬಳಸುವಾಗಲೂ ಇದೇ ಬೇಕು. ಭಾರತೀಯರ ಜೀನೋಮ್ ಓದುವ ಜೀನೋಮ್ ಇಂಡಿಯಾ ಯೋಜನೆಯ ಸುಮಾರು 10,000 ಜನರ ಜೀನೋಮ್ ಡೇಟಾ 2025ರ ಜನವರಿಯಿಂದ ಫರಿದಾಬಾದಿನ ಡೇಟಾ ಸೆಂಟರ್ ಮೂಲಕ ಸಂಶೋಧಕರಿಗೆ ತೆರೆದಿದೆ. 20 ಸಂಸ್ಥೆಗಳು ಸೇರಿ ಮಾಡಿದ ಕೆಲಸ. ಅಂಥದ್ದು ಕೈಗೆ ಬಂದ ದಿನ ಮಾಡೆಲ್ ಕಟ್ಟುವ ಮೊದಲು, ಯಾವ ಸ್ಯಾಂಪಲ್ ಎಲ್ಲಿ ಓಡಿತು ಅನ್ನುವ ಕಾಲಂ ತೆರೆದು ನೋಡಿ.

ನಿಮ್ಮ ಮುಂದಿನ ಪ್ರಯೋಗ ಯಾವಾಗ? ಸ್ಯಾಂಪಲ್ ತೆಗೆಯುವ ಮೊದಲೇ ಒಂದು ಶೀಟ್ ಮಾಡಿ. ಯಾವ ಸ್ಯಾಂಪಲ್, ಯಾವ ಗುಂಪು, ಯಾವ ದಿನ, ಎಷ್ಟು ಗಂಟೆ, ಯಾರ ಕೈ, ಯಾವ ಲಾಟಿನ ಕಿಟ್, ಯಾವ ಪ್ಲೇಟ್. ಗುಂಪಿನ ಕಾಲಂ ಬೇರೆ ಯಾವ ಕಾಲಂ ಜೊತೆಗೂ ಒಂದೇ ಥರ ಕಾಣಬಾರದು. ಸಂಶಯ ಬಂದರೆ ಆ ಶೀಟನ್ನು ಇಲ್ಲೇ ಕೆಳಗೆ ಹಾಕಿ, ನಾನು ನೋಡಿ ಹೇಳುತ್ತೇನೆ. ಇಲಿ ಇನ್ನೂ ಪಂಜರದಲ್ಲಿರುವಾಗಲೇ ಹಾಕಿ.