ಈ ವಾರ ಗರಟ ಮೊದಲು ತುಂಬಿತು

ಜೂನ್‌ನಲ್ಲಿ ‘ಮಗು ಗೇಟಿನ ಹತ್ತಿರವೇ ಅಳುತ್ತೆ, ಏನು ಮಾಡಲಿ’ ಎಂದು ಬರೆದವರೇ ಜುಲೈ ಹೊತ್ತಿಗೆ ‘ಶಾಲೆಯ ವಾರದ ಚೀಟಿಯಲ್ಲಿ ಇದೇನು ಬರೆದಿದ್ದಾರೆ’ ಎಂದು ಕೇಳುತ್ತಾರೆ. ಈ ಸಲ ಆ ಚೀಟಿಯ ಬಗ್ಗೆಯೇ ಐದು ಪತ್ರ ಬಂದಿವೆ. ಸಾಗರದ ಕಡೆಯ ಒಂದು ಶಿಶುವಿಹಾರದಲ್ಲಿ 31 ವರ್ಷ ಪಾಠ ಮಾಡಿದವಳು ನಾನು. ಅಷ್ಟೂ ವರ್ಷ ಶುಕ್ರವಾರ ಮಧ್ಯಾಹ್ನ ಕೂತು ಚೀಟಿ ಬರೆದಿದ್ದೇನೆ. ಮೊದಮೊದಲು ಕಾರ್ಬನ್ ಹಾಳೆ ಇಟ್ಟು, ಆಮೇಲೆ ಜೆರಾಕ್ಸ್ ಮಾಡಿಸಿ, ಕೊನೆಯ ವರ್ಷಗಳಲ್ಲಿ ವಾಟ್ಸಾಪ್‌ನಲ್ಲಿ. ಮೊದಲೆರಡು ಪತ್ರಗಳಿಗೆ ಉತ್ತರ ಸ್ವಲ್ಪ ಉದ್ದವಾಯಿತು, ಪುರುಸೊತ್ತಿನಲ್ಲಿ ಓದಿ.

ಪ್ರಶ್ನೆ: ಮೇಡಂ, ಈ ವರ್ಷ ಎಲ್‌ಕೆಜಿ ಟೀಚರ್ ಆಗಿ ಸೇರಿದ್ದೇನೆ. ಪ್ರತಿ ಶುಕ್ರವಾರ ಪೋಷಕರಿಗೆ ಆ ವಾರದ ಚಟುವಟಿಕೆ ತಿಳಿಸಬೇಕು. ‘ಗಣಿತ: 1ರಿಂದ 5. ಭಾಷೆ: ಅ, ಆ. ಪರಿಸರ: ಮಳೆಗಾಲ. ಹಾಡು: 2’ ಎಂದು ಕಳಿಸುತ್ತೇನೆ. ಯಾರೂ ಓದುವುದಿಲ್ಲ. ಸೋಮವಾರ ‘ಏನು ತರಬೇಕಿತ್ತು ಮಿಸ್’ ಎಂದು ಎಲ್ಲರೂ ಕೇಳುತ್ತಾರೆ. ಹೇಗೆ ಬರೆದರೆ ಓದುತ್ತಾರೆ?
– ಹೊಸ ಟೀಚರ್, ಚಿತ್ರದುರ್ಗ

ಉತ್ತರ: ತಂಗೀ, ನೀವು ಬರೆಯುತ್ತಿರುವುದು ಹೆಡ್‌ಮಿಸ್ ಟೇಬಲ್‌ಗೆ ಹೋಗುವ ವರದಿ. ಮನೆಯವರಿಗೆ ಬೇಕಾದದ್ದು ಬೇರೆ. ಸಂಜೆ ಮಗುವಿನ ಶೂ ಬಿಚ್ಚುತ್ತಾ ಅಮ್ಮ ‘ಇವತ್ತು ಏನು ಮಾಡಿದ್ರಿ ಪುಟ್ಟಾ’ ಅಂತ ಕೇಳುತ್ತಾಳೆ. ಮಗು ‘ಏನೂ ಇಲ್ಲ’ ಅನ್ನುತ್ತೆ. ಸುಳ್ಳು ಹೇಳುತ್ತಿರುವುದಲ್ಲ; ನಾಲ್ಕು ವರ್ಷದ ಮಗುವಿಗೆ ಇಡೀ ದಿನವನ್ನು ಒಟ್ಟುಗೂಡಿಸಿ ಹೇಳಲು ಬರುವುದಿಲ್ಲ. ಅದೇ ಮಗುವನ್ನು ‘ಗರಟ ಯಾಕೆ ಮೊದಲು ತುಂಬಿತು’ ಎಂದು ಕೇಳಿ ನೋಡಿ, ಊಟದ ತನಕ ಮಾತು ನಿಲ್ಲುವುದಿಲ್ಲ. ಅಮ್ಮನ ಕೈಗೆ ಅಂಥದೊಂದು ಪ್ರಶ್ನೆ ಕೊಡುವುದಕ್ಕೇ ವಾರದ ಚೀಟಿ.

ಒಂದು ಮಳೆಗಾಲದಲ್ಲಿ ನಾನು ಬರೆದ ಚೀಟಿ ಹೀಗಿತ್ತು:

‘ಈ ವಾರ ಮಳೆ ಬಿಡಲೇ ಇಲ್ಲ. ಮಂಗಳವಾರ ಮಕ್ಕಳು ಜಗಲಿಯ ಅಂಚಿನಲ್ಲಿ ಮೂರು ಪಾತ್ರೆ ಇಟ್ಟರು: ಸ್ಟೀಲ್ ಲೋಟ, ಪ್ಲಾಸ್ಟಿಕ್ ಮಗ್, ತೆಂಗಿನ ಗರಟ. ಯಾವುದು ಮೊದಲು ತುಂಬುತ್ತೆ ಅಂತ ಕೇಳಿದ್ದಕ್ಕೆ ಹೆಚ್ಚಿನವರು ಲೋಟ ಅಂದರು. ಗರಟ ತುಂಬಿತು. “ಅದಕ್ಕೆ ಹೊಟ್ಟೆ ಸಣ್ಣ, ಬಾಯಿ ದೊಡ್ಡದು” ಎಂದು ಒಬ್ಬಳು ಹೇಳಿದಳು. ಮನೆಯಲ್ಲೂ ಎರಡು ಪಾತ್ರೆ ಇಟ್ಟು ನೋಡಿ, ಮೊದಲು ಮಗುವಿನ ಹತ್ತಿರ ಊಹೆ ಮಾಡಿಸಿ. ಸೋಮವಾರ ಒಂದು ಜೊತೆ ಒಣ ಬಟ್ಟೆ, ಒಂದು ಹಳೇ ಟವೆಲ್ ಕಳಿಸಿ.’

ಇಷ್ಟೇ. ಕಂಡದ್ದು ಒಂದು, ಮಗುವಿನ ಬಾಯಲ್ಲಿ ಬಂದ ಮಾತು ಒಂದು, ಮನೆಯಲ್ಲಿ ಮಾಡಬಹುದಾದದ್ದು ಒಂದು. ತರಬೇಕಾದ ಸಾಮಾನು ಕೊನೆಯ ಸಾಲಿನಲ್ಲಿ, ಪ್ರತಿ ವಾರವೂ ಅದೇ ಜಾಗದಲ್ಲಿ. ಅವಸರದಲ್ಲಿರುವ ಅಪ್ಪ ಕೊನೆಯ ಸಾಲು ನೋಡಿದರೂ ಕೆಲಸ ಆಗುತ್ತದೆ. ಗಣಿತ, ಭಾಷೆ ಎಂದು ಖಾನೆ ಹಾಕದಿದ್ದರೂ ಹೆಚ್ಚು–ಕಡಿಮೆ, ಮೊದಲು–ಆಮೇಲೆ, ಊಹೆ, ಎಣಿಕೆ ಎಲ್ಲವೂ ಆ ಗರಟದಲ್ಲೇ ಬಂದುಬಿಟ್ಟಿತ್ತು.

ಸಾಮಾನು ಕೇಳುವಾಗ ಮನೆಯ ಪರಿಸ್ಥಿತಿ ನೋಡಿಕೊಂಡು ಕೇಳಿ. ‘ಶುಕ್ರವಾರ ಹಳದಿ ದಿನ, ಹಳದಿ ಡ್ರೆಸ್ ಹಾಕಿಸಿ’ ಅಂದರೆ ಅಂಗಡಿಗೆ ಓಡುವವರು ಇದ್ದಾರೆ, ಸಾಲ ಮಾಡುವವರೂ ಇದ್ದಾರೆ. ‘ಮನೆಯಲ್ಲಿರುವ ಯಾವುದಾದರೂ ಒಂದು ಹಳದಿ ವಸ್ತು’ ಅನ್ನಿ. ಒಬ್ಬ ಹುಡುಗ ನಿಂಬೆಹಣ್ಣು ಹಿಡಿದುಕೊಂಡು ಬಂದಿದ್ದ, ಇನ್ನೊಬ್ಬಳು ಅರಿಸಿನದ ಕೊಂಬು. ಎರಡನ್ನೂ ಮೂಸಿ ನೋಡಿದೆವು. ಆ ದಿನ ಹಳದಿ ಡ್ರೆಸ್ ಯಾರಿಗೂ ನೆನಪಾಗಲಿಲ್ಲ.

ಇನ್ನೊಂದು ಮಾತು, ಇದು ನನ್ನಿಂದಾದ ತಪ್ಪು. ಕೆಲಸಕ್ಕೆ ಸೇರಿದ ಎರಡನೇ ವರ್ಷ ಚೀಟಿಯಲ್ಲಿ ‘ಈ ವಾರ ಚೆನ್ನಾಗಿ ಬರೆದವರು’ ಎಂದು ಐದು ಮಕ್ಕಳ ಹೆಸರು ಹಾಕಿದೆ. ಶನಿವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರ ಹೂ ಮಾರುವ ತಾಯಿಯೊಬ್ಬರು ಬಂದರು. ಓದಲು ಬಾರದವರು, ಪಕ್ಕದ ಅಂಗಡಿಯವರಿಂದ ಓದಿಸಿದ್ದರು. ಚೀಟಿ ನಾಲ್ಕು ಮಡಿಕೆಯಾಗಿ ಕೈಯಲ್ಲಿತ್ತು, ಬೆರಳ ತುದಿಯಲ್ಲಿ ಬಾಳೆನಾರು ಇನ್ನೂ ಅಂಟಿಕೊಂಡಿತ್ತು. ‘ನನ್ನ ಮಗಳು ಏನೂ ಮಾಡ್ಲಿಲ್ವಾ ಟೀಚರ್?’ ಅಂದರು. ಅವರ ಮಗಳು ಆ ವಾರ ಮೊದಲ ಸಲ ಅಮ್ಮನ ಸೆರಗು ಬಿಟ್ಟು ತಾನಾಗಿಯೇ ಒಳಗೆ ಬಂದಿದ್ದಳು. ಅದನ್ನು ನಾನು ನೋಡಿದ್ದೆ, ಬರೆದಿರಲಿಲ್ಲ. ಅವತ್ತು ಅವರೆದುರು ನಿಂತಿದ್ದ ಸಂಕಟ ಇಂದಿಗೂ ಹೋಗಿಲ್ಲ.

ಆಮೇಲೆ ಚೀಟಿಯಲ್ಲಿ ಯಾವ ಮಗುವಿನ ಹೆಸರನ್ನೂ ಹಾಕಲಿಲ್ಲ. ಬದಲಿಗೆ 28 ಮಕ್ಕಳಲ್ಲಿ ವಾರಕ್ಕೆ 7 ಮಕ್ಕಳ ಚೀಟಿಯ ಕೆಳಗೆ ಅವರ ಮನೆಗಷ್ಟೇ ಒಂದು ಸಾಲು ಕೈಯಲ್ಲಿ ಬರೆಯುತ್ತಿದ್ದೆ. ನಾಲ್ಕು ವಾರಕ್ಕೆ ಎಲ್ಲರದೂ ಆಗುತ್ತದೆ. ‘ಇವತ್ತು ತಾನೇ ಚಪ್ಪಲಿ ಜೋಡಿಸಿಟ್ಟ’, ‘ಬಿದ್ದವನನ್ನು ಎಬ್ಬಿಸಿದಳು’, ಇಂಥವು. ಡೈರಿಯಲ್ಲಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಸದ್ದಿಲ್ಲದ ಮಕ್ಕಳು ಕೈತಪ್ಪಿ ಹೋಗುತ್ತಾರೆ.

ಪ್ರಶ್ನೆ: ಮಗನಿಗೆ ನಾಲ್ಕೂವರೆ ವರ್ಷ. ಅವನ ಶಾಲೆಯ ಚೀಟಿಯಲ್ಲಿ ‘ಹೆಸರುಕಾಳು–ಕಡಲೆಕಾಳು ಬೇರೆ ಮಾಡಿದೆವು, ಮಣ್ಣಿನ ಉಂಡೆ ಕಟ್ಟಿದೆವು, ಗುಂಡಿ ಹಾಕುವುದು ಕಲಿತೆವು’ ಎಂದೇ ಇರುತ್ತದೆ. ಪಕ್ಕದ ಮನೆಯ ಹುಡುಗಿ 1ರಿಂದ 100 ಬರೆಯುತ್ತಾಳೆ. ಈ ವಾರ ಅಕ್ಷರ ಶುರು ಮಾಡಿದ್ದಾರಂತೆ, ಅದೂ ‘ರ ಗ ಸ ದ ಅ’ ಅಂತೆ. ಅ ಆ ಇ ಈ ಬಿಟ್ಟು ಇದೇನು? ಶಾಲೆ ಬದಲಿಸಲೇ?
– ಒಬ್ಬ ತಾಯಿ, ಹಾಸನ

ಉತ್ತರ: ಬದಲಿಸಬೇಡಿ ತಾಯಿ. ನಿಮಗೆ ಒಳ್ಳೆಯ ಟೀಚರ್ ಸಿಕ್ಕಿದ್ದಾರೆ.

ಹಾಸನದವರಿಗೆ ಹಿದುಕವರೆ ನಾನು ಹೇಳಿಕೊಡಬೇಕಾಗಿಲ್ಲ. ನೆನೆಸಿದ ಅವರೆಕಾಳನ್ನು ಹೆಬ್ಬೆರಳು–ತೋರುಬೆರಳಿನ ನಡುವೆ ಹಿಡಿದು, ಮೆಲ್ಲಗೆ ಒತ್ತಿ, ಸಿಪ್ಪೆಯಿಂದ ಕಾಳು ಪುಳಕ್ಕನೆ ಹಾರುವ ಹಾಗೆ ಮಾಡುತ್ತೀರಲ್ಲ, ಆ ಹಿಡಿತವೇ ಪೆನ್ಸಿಲ್ ಹಿಡಿತಕ್ಕೆ ತಳಪಾಯ. ಅದಕ್ಕೆ ಮಧ್ಯದ ಬೆರಳಿನ ಆಸರೆ ಸೇರಿದರೆ ಬರವಣಿಗೆಯ ಹಿಡಿತ ಸಿದ್ಧ. ಬೆರಳುಗಳಲ್ಲಿ ಆ ಬಲ ಬರುವ ಮೊದಲೇ ಬರೆಸಿದರೆ ಮಗು ಮುಷ್ಟಿ ಬಿಗಿದು ಪೆನ್ಸಿಲ್ ಹಿಡಿಯುತ್ತದೆ, ಭುಜದಿಂದ ಬರೆಯುತ್ತದೆ, ಅರ್ಧ ಪುಟಕ್ಕೆ ಕೈನೋವು ಎನ್ನುತ್ತದೆ. ಒಮ್ಮೆ ಕೂತ ತಪ್ಪು ಹಿಡಿತ ಬಿಡಿಸುವುದು ಎಷ್ಟು ಕಷ್ಟ ಎಂದು 1ನೇ ಕ್ಲಾಸಿನ ಯಾವ ಮೇಷ್ಟ್ರನ್ನು ಬೇಕಾದರೂ ಕೇಳಿ. ಚಳಿಗಾಲದಲ್ಲಿ ಅವರೆ ಬಂದಾಗ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಲ್ಲಿಯವರೆಗೆ ಸೊಪ್ಪು ಬಿಡಿಸಲಿ, ಚಪಾತಿ ಹಿಟ್ಟಿನ ಉಂಡೆ ಕಟ್ಟಲಿ.

ಇದು ಹೊಸ ಫ್ಯಾಷನ್ನೂ ಅಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಪುಟ್ಟ ಮಕ್ಕಳಿಗೆಂದು ಶಾಲೆ ತೆರೆದಾಗ ಅವರ ಕೈಗೆ ಮೊದಲು ಕೊಟ್ಟದ್ದು ನೂಲಿನ ಚೆಂಡು, ಆಮೇಲೆ ಮರದ ಗೋಲ ಮತ್ತು ಘನ. 1840ರಲ್ಲಿ ಅದಕ್ಕೆ ಅವರಿಟ್ಟ ಹೆಸರೇ ಕಿಂಡರ್‌ಗಾರ್ಟನ್, ಮಕ್ಕಳ ತೋಟ. ನಮ್ಮಲ್ಲಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 3ರಿಂದ 8 ವರ್ಷದವರೆಗಿನ ಕಲಿಕೆಯನ್ನು ಒಂದೇ ಹಂತ ಎಂದು ಕರೆಯುತ್ತದೆ, ಆಟದ ಮೂಲಕ ಕಲಿಸಿ ಎನ್ನುತ್ತದೆ. 1 ಮತ್ತು 2ನೇ ತರಗತಿಯೂ ಅದರೊಳಗೇ ಬರುತ್ತವೆ. ನಿಮ್ಮ ಮಗನಿಗೆ ಇನ್ನೂ ಮೂರೂವರೆ ವರ್ಷ ಸಮಯವಿದೆ. ಪಕ್ಕದ ಮನೆಯ ಹುಡುಗಿಯ ಮುಂದೆ ಎಂಟು ಚಮಚ ಇಟ್ಟು ‘ಇದರಲ್ಲಿ ಐದು ಕೊಡು’ ಎನ್ನಿ. ಕೊಟ್ಟರೆ ಬಹಳ ಸಂತೋಷ. ನೂರರವರೆಗೆ ಬರೆಯುವ ಎಷ್ಟೋ ಮಕ್ಕಳು ಅಲ್ಲಿ ತಡವರಿಸುವುದನ್ನು ಕಂಡಿದ್ದೇನೆ.

ಇನ್ನು ‘ರ ಗ ಸ ದ ಅ’. ಸರ್ಕಾರಿ ಶಾಲೆಗಳ 1ನೇ ತರಗತಿಯಲ್ಲಿ ಈ ಕ್ರಮ ಬಹಳ ಕಾಲದಿಂದ ಇದೆ. ಅ ಆ ಇ ಈ ಇಂದ ಅಂ ಅಃ ತನಕ ಅಷ್ಟೂ ಕಲಿತ ಮಗು ಆ ಅಕ್ಷರಗಳಿಂದ ಓದಬಲ್ಲ ಪದ ಎಷ್ಟು? ಹುಡುಕಿದರೂ ಸಿಗುವುದು ಕಷ್ಟ. ಈ ಐದರಿಂದ ನೋಡಿ: ಸರ, ದರ, ಅರಸ, ಅಗಸ, ಗರಗಸ. ಒತ್ತು, ಕಾಗುಣಿತ ಯಾವುದೂ ಬೇಡ. ಒಂದು ಮಗು ಬೋರ್ಡಿನ ಮೇಲೆ ಬೆರಳಿಟ್ಟು ‘ಗ… ರ… ಗ… ಸ’ ಎಂದು ಬಿಡಿಬಿಡಿಯಾಗಿ ಹೇಳಿ, ಒಂದು ಕ್ಷಣ ಸುಮ್ಮನಿದ್ದು, ‘ಗರಗಸ! ನಮ್ಮಪ್ಪನ ಹತ್ರ ಇದೆ!’ ಎಂದು ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಡಗಿಯ ಮಗ ಅವನು. ವರ್ಣಮಾಲೆ ಎಲ್ಲೂ ಓಡಿಹೋಗುವುದಿಲ್ಲ, ಅದನ್ನು ಹಾಡಿನ ಹಾಗೆ ಮನೆಯಲ್ಲಿ ನೀವೇ ಹೇಳಿಕೊಡಿ.

ಪ್ರಶ್ನೆ: ಅಕ್ಕಾ, ನಾವು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ಐದು ವರ್ಷದ ಮಗಳು ಕಿಂಡರ್‌ಗಾರ್ಟನ್. ಪ್ರತಿ ವಾರ ಟೀಚರ್ ಪತ್ರ ಕಳಿಸುತ್ತಾರೆ. ಮುಂದಿನ ವಾರ ‘ಮನೆಯಿಂದ ಒಂದು ವಸ್ತು ತಂದು ಅದರ ಬಗ್ಗೆ ಹೇಳಬೇಕು’ ಎಂದಿದೆ. ನಮ್ಮದೇ ಏನಾದರೂ ಕಳಿಸುವ ಆಸೆ. ದೇವರ ವಿಗ್ರಹವೋ ರೇಷ್ಮೆ ಲಂಗವೋ?
– ಒಬ್ಬ ತಾಯಿ

ಉತ್ತರ: ಚೌಕಾಬಾರದ ಮನೆ ಬರೆದ ಒಂದು ಬಟ್ಟೆ, ನಾಲ್ಕು ಕವಡೆ ಕಳಿಸಮ್ಮ. ವಿಗ್ರಹ, ಲಂಗ ತೋರಿಸಿ ಇಡುವ ವಸ್ತುಗಳು. ಕವಡೆಯಾದರೆ ಮಗಳು ಹಾಕಿ ತೋರಿಸಬಹುದು, ಬೇರೆ ಮಕ್ಕಳ ಕೈಗೂ ಕೊಡಬಹುದು. ಎರಡು ಮೇಲ್ಮುಖವಾದರೆ ಎರಡು, ಮೂರಾದರೆ ಮೂರು, ನಾಲ್ಕೂ ಆದರೆ ಚೌಕ, ನಾಲ್ಕೂ ಮಗುಚಿಬಿದ್ದರೆ ಎಂಟು, ಅದು ಬಾರ. ಐದು ಸಾಲು, ಐದು ಕಂಬ, 25 ಮನೆ. ಅಲ್ಲಿನ ಟೀಚರ್‌ಗೂ ಲೆಕ್ಕದ ಪಾಠ ಸಿಕ್ಕಿದ ಹಾಗಾಯಿತು. ಈ ವಾರ ರಾತ್ರಿ ಊಟವಾದ ಮೇಲೆ ಮೂರು ಆಟ ಆಡಿ, ಕನ್ನಡದಲ್ಲೇ ಎಣಿಸಿ. ‘ಚೌಕ’, ‘ಬಾರ’ ಎನ್ನುವ ಎರಡು ಮಾತನ್ನು ಅವಳು ತರಗತಿಯಲ್ಲಿ ಕನ್ನಡದಲ್ಲೇ ಹೇಳಲಿ. ಆಟದ ಹೆಸರೇ ಅದು, ಅನುವಾದ ಬೇಕಿಲ್ಲ.

ಪ್ರಶ್ನೆ: ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ವಾರಕ್ಕೆ ನಲವತ್ತು, ಐವತ್ತು ಫೋಟೊ ಹಾಕುತ್ತಾರೆ. ನನ್ನ ಮೊಮ್ಮಗಳು ಒಂದರಲ್ಲೋ ಎರಡರಲ್ಲೋ, ಅದೂ ಹಿಂದಿನ ಸಾಲಿನಲ್ಲಿ. ಸೊಸೆಗೆ ಬೇಜಾರು. ನಾನು ಹೋಗಿ ಕೇಳಲೇ?
– ಒಬ್ಬ ತಾತ, ದಾವಣಗೆರೆ

ಉತ್ತರ: ಕೇಳಿ ಯಜಮಾನರೇ, ಆದರೆ ಫೋಟೊ ಕೇಳಬೇಡಿ. ‘ನಮ್ಮ ಮಗು ಯಾರ ಜೊತೆ ಆಡುತ್ತಾಳೆ, ಯಾವ ಆಟದಲ್ಲಿ ಮುಂದೆ ಬರುತ್ತಾಳೆ’ ಎಂದು ಕೇಳಿ. ಹೆಸರು ಹಿಡಿದು ಉತ್ತರ ಬಂದರೆ ಟೀಚರ್ ಕಣ್ಣು ಮಗುವಿನ ಮೇಲಿದೆ ಎಂದರ್ಥ, ಸೊಸೆಗೂ ಸಮಾಧಾನ ಹೇಳಿ. ಫೋನ್ ಹಿಡಿದ ಕೈಯಲ್ಲಿ ಮಗುವಿನ ಮೂಗು ಒರೆಸಲು ಆಗುವುದಿಲ್ಲ. ನನ್ನ ಕೇಳಿದರೆ ವಾರಕ್ಕೆ ನಾಲ್ಕು ಫೋಟೊ ಸಾಕು, ಅದೂ ಮಕ್ಕಳು ಮಾಡಿದ ವಸ್ತುವಿನದು. ಮುಖ ಕಾಣುವ ಫೋಟೊ ಬೇರೆ ಯಾವ ಯಾವ ಗ್ರೂಪಿಗೆ ಹೋಗುತ್ತದೋ, ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನಿಮ್ಮ ವಾರದ ಚೀಟಿಯ ಮಾತು ಹಿಂದೊಮ್ಮೆ ಓದಿದ್ದೆ. ನಮ್ಮ ಕಡೆ ತಾಯಂದಿರು ಬೆಳಿಗ್ಗೆಯೇ ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಮಗುವನ್ನು ಕರೆದೊಯ್ಯುವವರು ಅಜ್ಜಿಯೋ ಅಕ್ಕನೋ. ಓದು ಬಾರದವರೇ ಹೆಚ್ಚು. ನಾವು ಏನು ಮಾಡುವುದು?
– ಟಿ. ನರಸೀಪುರ ತಾಲ್ಲೂಕಿನಿಂದ

ಉತ್ತರ: ನಿಮ್ಮ ಪತ್ರ ನೋಡಿ ಬಹಳ ಖುಷಿಯಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಆರಿಸಿದ್ದು ನಿಮ್ಮ ಟಿ. ನರಸೀಪುರವನ್ನೇ. ಆಹಾರ, ತೂಕ, ಚುಚ್ಚುಮದ್ದು, ರಿಜಿಸ್ಟರು ಎಲ್ಲದರ ನಡುವೆ ನೀವು ಇದನ್ನೂ ಯೋಚಿಸುತ್ತಿದ್ದೀರಿ.

ಕಾಗದ ಬಿಡಿ. ಶುಕ್ರವಾರ ಮನೆಗೆ ಹೋಗುವಾಗ ಪ್ರತಿ ಮಗುವಿನ ಕೈಯಲ್ಲಿ ಒಂದು ವಸ್ತು ಕೊಡಿ. ಎಲೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ವಾರ ಒಂದು ಹೊಂಗೆ ಎಲೆ. ಕಲ್ಲು ಎಣಿಸಿದ ವಾರ ಐದು ಕಲ್ಲು. ಗೆರೆ ಎಳೆದ ವಾರ ಒಂದು ಸೀಮೆಸುಣ್ಣದ ಚೂರು. ಕರೆಯಲು ಬಂದ ಅಜ್ಜಿಗೆ ಒಂದೇ ಮಾತು ಹೇಳಿ: ‘ಇದರಿಂದ ಏನು ಮಾಡ್ದೆ ಅಂತ ರಾತ್ರಿ ಅವರಮ್ಮನ ಮುಂದೆ ಕೇಳಿ ಅಜ್ಜಿ.’ ನಾನೂ ಕೊನೆಯ ಕೆಲವು ವರ್ಷ ಚೀಟಿಯ ಜೊತೆಗೆ ಇದನ್ನು ಮಾಡಿದೆ. ಒಂದು ಸೋಮವಾರ ಹುಡುಗಿಯೊಬ್ಬಳು ಮುಷ್ಟಿ ಬಿಗಿಹಿಡಿದುಕೊಂಡು ಬಂದಳು. ಬಿಡಿಸಿ ನೋಡಿದರೆ ಆರು ಕಲ್ಲು. ‘ಐದಲ್ವೇನೇ ಕೊಟ್ಟಿದ್ದು?’ ಅಂದೆ. ‘ಒಂದು ನಮ್ಮಜ್ಜಿ ಕೊಟ್ಲು ಮಿಸ್. ಅವಳೂ ಎಣಿಸಿದ್ಲು’ ಅಂದಳು.